ಸರ್ಕಾರ ಕೇಳಿದರೆ ವಾಟ್ಸಾಪ್, ಗೂಗಲ್ ನಿಮ್ಮ ಮಾಹಿತಿ ಕೊಡುತ್ತವಾ? ತಿಳಿದಿರಬೇಕಾದ ಹಂತಗಳು

ವಿಜಯಪುರದ ನಮ್ಮ ಆನ್‌ಲೈನ್ ಸೆಂಟರ್‌ಗೆ ಪಹಣಿ ತೆಗೆಸಲು, ಸ್ಕಾಲರ್‌ಶಿಪ್ ಅರ್ಜಿ ಹಾಕಲು ಜನ ಬರುತ್ತಾರೆ. ಕೆಲಸ ಮುಗಿದ ಮೇಲೆ ದನಿ ತಗ್ಗಿಸಿ ಕೆಲವರು ಕೇಳುತ್ತಾರೆ: "ನಾವು ವಾಟ್ಸಾಪ್‌ನಲ್ಲಿ ಮಾತಾಡಿದ್ದು ಪೊಲೀಸರಿಗೆ ಸಿಗುತ್ತಾ?" ಇನ್ನು ಕೆಲವರ ಪ್ರಶ್ನೆ ಬೇರೆ: "ಮಗಳ ಫೋಟೋ ಹಾಕಿ ಯಾರೋ ಫೇಕ್ ಅಕೌಂಟ್ ಮಾಡಿದ್ದಾರೆ. ಅವನು ಯಾರು ಅಂತ ಕಂಪನಿ ಯಾಕೆ ಹೇಳ್ತಿಲ್ಲ?" ಮೊದಲನೆಯವರಿಗೆ ಮಾಹಿತಿ ಹೊರಗೆ ಹೋಗಬಾರದು. ಎರಡನೆಯವರಿಗೆ ಅದು ಬೇಗ ಹೊರಗೆ ಬರಬೇಕು. ಇಬ್ಬರೂ ನೋಡಬೇಕಾದದ್ದು ಒಂದೇ: ಕಂಪನಿಯ ಹತ್ತಿರ ಏನಿದೆ, ಅದನ್ನು ಯಾರು ಕೇಳಿದರು, ಯಾವ ಕಾಗದದ ಮೇಲೆ ಕೇಳಿದರು.

ಇದಷ್ಟು ಗೊತ್ತಿದ್ದರೆ ಸುಮ್ನೆ ಹೆದರುವುದೂ ತಪ್ಪುತ್ತದೆ, ಸುಮ್ನೆ ನಂಬುವುದೂ ತಪ್ಪುತ್ತದೆ.

ಹಂತ 1: ನಿಮ್ಮ ಮಾಹಿತಿಯನ್ನು ಮೊದಲು ನೀವೇ ತೆಗೆದು ನೋಡಿ

ಕಂಪನಿಯ ಹತ್ತಿರ ಇಲ್ಲದ್ದನ್ನು ಕಂಪನಿ ಕೊಡಲು ಆಗುವುದಿಲ್ಲ. ಹಾಗಾಗಿ ಅಲ್ಲಿ ಏನಿದೆ ಅಂತ ನೋಡುವುದೇ ಮೊದಲ ಕೆಲಸ. ವಾಟ್ಸಾಪ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಅಕೌಂಟ್ ಒತ್ತಿ, 'ರಿಕ್ವೆಸ್ಟ್ ಅಕೌಂಟ್ ಇನ್ಫೋ' ಆರಿಸಿ. ಸುಮಾರು ಮೂರು ದಿನದಲ್ಲಿ ಒಂದು ವರದಿ ಸಿದ್ಧವಾಗುತ್ತದೆ. ಗೂಗಲ್‌ಗೆ 'ಟೇಕ್‌ಔಟ್' ಅಂತ ಒಂದು ಸೌಲಭ್ಯ ಇದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲೂ ನಿಮ್ಮ ಮಾಹಿತಿ ಡೌನ್‌ಲೋಡ್ ಮಾಡಿಕೊಳ್ಳುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ.

ತೆಗೆದು ನೋಡಿದಾಗ ಮೂರು ಥರದ ಮಾಹಿತಿ ಕಾಣುತ್ತದೆ. ಖಾತೆ ಯಾರದು ಅನ್ನುವುದು ಒಂದು: ಹೆಸರು, ಫೋನ್ ನಂಬರ್, ಇಮೇಲ್, ಖಾತೆ ತೆರೆದ ದಿನ. ಯಾವಾಗ, ಎಲ್ಲಿಂದ ಬಳಸಿದಿರಿ ಅನ್ನುವುದು ಇನ್ನೊಂದು: ಲಾಗಿನ್ ಸಮಯ, ಐಪಿ ವಿಳಾಸ (ಇಂಟರ್‌ನೆಟ್‌ನಲ್ಲಿ ನಿಮ್ಮ ಸಂಪರ್ಕಕ್ಕೆ ಸಿಗುವ ನಂಬರ್), ಯಾವ ಫೋನು. ಮೂರನೆಯದು ನೀವು ಬರೆದ, ಕಳಿಸಿದ, ಉಳಿಸಿದ ವಿಷಯ. ಪಹಣಿ ನೋಡಿದರೆ ಹೊಲ ಯಾರದು, ಯಾವ ಬೆಳೆ ಅಂತ ಗೊತ್ತಾಗುತ್ತದೆ, ಹೊಲದವರು ಮನೆಯಲ್ಲಿ ಏನು ಮಾತಾಡಿದರು ಅಂತ ಗೊತ್ತಾಗುವುದಿಲ್ಲ. ಮೊದಲ ಎರಡು ಥರದ ಮಾಹಿತಿ ಆ ಪಹಣಿ ಇದ್ದ ಹಾಗೆ. ಅವು ಸುಲಭವಾಗಿ ಸಿಗುತ್ತವೆ. ಮೂರನೆಯದು ಸಿಗುವುದು ಕಷ್ಟ.

ವಾಟ್ಸಾಪ್ ಮೆಸೇಜುಗಳಿಗೆ 2016ರಿಂದ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ ಇದೆ, ಅಂದರೆ ಕಳಿಸಿದವರು ಮತ್ತು ಪಡೆದವರು ಬಿಟ್ಟು ಕಂಪನಿ ಕೂಡ ಓದಲು ಆಗದ ರಕ್ಷಣೆ. ತಲುಪಿದ ಮೆಸೇಜನ್ನು ಕಂಪನಿ ತನ್ನ ಸರ್ವರ್‌ನಲ್ಲಿ ಇಟ್ಟುಕೊಳ್ಳುವುದಿಲ್ಲ. ತಲುಪದೆ ಉಳಿದದ್ದು ಗರಿಷ್ಠ 30 ದಿನ, ಅದೂ ಓದಲು ಬಾರದ ರೂಪದಲ್ಲಿ ಇರುತ್ತದೆ. ಆದರೆ ನಿಮ್ಮ ನಂಬರ್, ನೀವಿರುವ ಗ್ರೂಪ್‌ಗಳು, ಕೊನೆಯದಾಗಿ ಯಾವಾಗ ಬಂದಿದ್ದಿರಿ, ಯಾವ ಐಪಿಯಿಂದ ಬಂದಿದ್ದಿರಿ ಎಂಬುದೆಲ್ಲ ಕಂಪನಿಗೆ ಗೊತ್ತು. ಸಿಗ್ನಲ್ ಆ್ಯಪ್ ಹತ್ತಿರ ಇದಕ್ಕಿಂತ ಕಡಿಮೆ ಇದೆ. 2016ರಲ್ಲಿ ಅಮೆರಿಕದ ಒಂದು ಗ್ರ್ಯಾಂಡ್ ಜ್ಯೂರಿ (ಕೇಸು ನಡೆಸಬೇಕೇ ಅಂತ ಪರಿಶೀಲಿಸುವ ನಾಗರಿಕರ ಮಂಡಳಿ) ಮಾಹಿತಿ ಕೇಳಿದಾಗ, ಖಾತೆ ತೆರೆದ ಸಮಯ ಮತ್ತು ಕೊನೆಯ ಸಂಪರ್ಕದ ದಿನ ಬಿಟ್ಟು ಬೇರೇನೂ ಕೊಡಲು ಅವರ ಹತ್ತಿರ ಇರಲಿಲ್ಲ. ಟೆಲಿಗ್ರಾಂ ವಿಷಯದಲ್ಲಿ ಜನರಿಗೆ ತಪ್ಪು ಕಲ್ಪನೆ ಜಾಸ್ತಿ. ಅಲ್ಲಿ 'ಸೀಕ್ರೆಟ್ ಚಾಟ್' ಮಾತ್ರ ಎಂಡ್-ಟು-ಎಂಡ್. ಸಾಮಾನ್ಯ ಚಾಟ್ ಅವರ ಸರ್ವರ್‌ನಲ್ಲೇ ಇರುತ್ತದೆ. ಕಾನೂನುಬದ್ಧ ಆದೇಶ ಬಂದರೆ ನಿಯಮ ಮುರಿದವರ ಐಪಿ ವಿಳಾಸ, ಫೋನ್ ನಂಬರ್ ಕೊಡುತ್ತೇವೆ ಅಂತ 2024ರ ಸೆಪ್ಟೆಂಬರ್‌ನಲ್ಲಿ ಆ ಕಂಪನಿ ಹೇಳಿದೆ.

ಎನ್‌ಕ್ರಿಪ್ಶನ್ ಇದೆ ಅಂತ ನಿಶ್ಚಿಂತೆಯಿಂದ ಇರುವವರು ಬ್ಯಾಕಪ್ ಮರೆತಿರುತ್ತಾರೆ. ಗೂಗಲ್ ಡ್ರೈವ್‌ಗೋ ಐಕ್ಲೌಡ್‌ಗೋ ಹೋಗುವ ವಾಟ್ಸಾಪ್ ಬ್ಯಾಕಪ್‌ಗೆ ಆ ರಕ್ಷಣೆ ತಾನಾಗಿ ಬರುವುದಿಲ್ಲ. 2021ರಿಂದ ಅದಕ್ಕೊಂದು ಆಯ್ಕೆ ಇದೆ. ಚಾಟ್ಸ್, ನಂತರ ಚಾಟ್ ಬ್ಯಾಕಪ್ ಒಳಗೆ ಹೋಗಿ ನೀವೇ ಆನ್ ಮಾಡಬೇಕು. ಪಾಸ್‌ವರ್ಡ್ ಮರೆತರೆ ಬ್ಯಾಕಪ್ ಹೋಯಿತು ಅಂತಲೇ ಲೆಕ್ಕ, ಬರೆದಿಟ್ಟುಕೊಳ್ಳಿ. ಇನ್ನೊಂದು ಮಾತು. ಚಾಟ್‌ಗಳು ಪೊಲೀಸರ ಕೈಗೆ ಸಿಗುವ ನೇರ ದಾರಿ ಫೋನು. ನಿಮ್ಮದೇ ಫೋನ್ ಆಗಬೇಕೆಂದಿಲ್ಲ. ಗ್ರೂಪ್‌ನಲ್ಲಿರುವ ಯಾರದ್ದಾದರೂ ಸಾಕು.

ಹಂತ 2: ಯಾವ ಕಾಗದ ಅಂತ ಗುರುತಿಸಿ

"ಸರ್ಕಾರ ಕೇಳಿತು" ಅನ್ನುವ ಒಂದೇ ಮಾತಿನಲ್ಲಿ ಬೇರೆ ಬೇರೆ ಕಾನೂನುಗಳು ಅಡಗಿವೆ.

ಠಾಣೆಯ ಮಟ್ಟದಲ್ಲಿ ಹೆಚ್ಚು ಬಳಕೆಯಾಗುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂ. 2024ರ ಜುಲೈ 1ರಿಂದ ಇದು ಜಾರಿಯಲ್ಲಿದೆ. ಹಳೆಯ ಸಿಆರ್‌ಪಿಸಿಯಲ್ಲಿ (ದಂಡ ಪ್ರಕ್ರಿಯಾ ಸಂಹಿತೆ) ಇದು 91ನೇ ಕಲಂ ಆಗಿತ್ತು. ತನಿಖೆಗೆ ಬೇಕಾದ ದಾಖಲೆ, ಎಲೆಕ್ಟ್ರಾನಿಕ್ ಸಂವಹನ, ಮೊಬೈಲ್‌ನಂಥ ಸಾಧನ ಇವನ್ನೆಲ್ಲ ಹಾಜರುಪಡಿಸಿ ಅಂತ ಕೋರ್ಟ್ ಅಥವಾ ಠಾಣಾಧಿಕಾರಿ ಲಿಖಿತವಾಗಿ ಕೇಳಬಹುದು. ಕಂಪನಿಗೂ ಕೇಳಬಹುದು, ನಿಮಗೂ ಕೇಳಬಹುದು.

ಇದರ ಜೊತೆಗೆ 2021ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮಗಳಿವೆ. ಅಧಿಕಾರ ಇರುವ ಸಂಸ್ಥೆ ಲಿಖಿತ ಆದೇಶ ಕೊಟ್ಟರೆ ಕಂಪನಿ 72 ಗಂಟೆಯೊಳಗೆ ಮಾಹಿತಿ ಕೊಡಬೇಕು. ಯಾಕೆ ಬೇಕು ಅಂತ ಆ ಆದೇಶದಲ್ಲಿ ಸ್ಪಷ್ಟವಾಗಿ ಬರೆದಿರಬೇಕು. 50 ಲಕ್ಷಕ್ಕಿಂತ ಜಾಸ್ತಿ ಬಳಕೆದಾರರಿರುವ ಸಾಮಾಜಿಕ ಜಾಲತಾಣಗಳು ಪೊಲೀಸರ ಜೊತೆ ವ್ಯವಹರಿಸಲು ಹಗಲು ರಾತ್ರಿ ಸಿಗುವ ಒಬ್ಬ ಅಧಿಕಾರಿಯನ್ನು ಭಾರತದಲ್ಲೇ ನೇಮಿಸಬೇಕು. ಮೆಸೇಜ್ ಮೊದಲು ಯಾರು ಕಳಿಸಿದರು ಅಂತ ಪತ್ತೆ ಮಾಡಿಕೊಡಬೇಕು ಅನ್ನುವ ನಿಯಮವೂ ಇದರಲ್ಲೇ ಇದೆ. ಹಾಗೆ ಮಾಡಿದರೆ ಎನ್‌ಕ್ರಿಪ್ಶನ್‌ಗೆ ಅರ್ಥವೇ ಉಳಿಯುವುದಿಲ್ಲ ಅಂತ ವಾಟ್ಸಾಪ್ 2021ರಲ್ಲೇ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು.

ಇವೆಲ್ಲಕ್ಕಿಂತ ಬಿಗಿಯಾದದ್ದು ಐಟಿ ಕಾಯ್ದೆಯ 69ನೇ ಕಲಂ. ನೀವು ಮಾತಾಡುತ್ತಿರುವಾಗಲೇ ಕದ್ದು ಕೇಳಲು, ಗಮನಿಸಲು, ಎನ್‌ಕ್ರಿಪ್ಶನ್ ಬಿಡಿಸಲು ಇದು ಅಧಿಕಾರ ಕೊಡುತ್ತದೆ. 2009ರ ನಿಯಮಗಳ ಪ್ರಕಾರ ಕೇಂದ್ರದಲ್ಲಿ ಗೃಹ ಕಾರ್ಯದರ್ಶಿ, ರಾಜ್ಯದಲ್ಲಿ ಗೃಹ ಇಲಾಖೆಯ ಕಾರ್ಯದರ್ಶಿ ಇದಕ್ಕೆ ಆದೇಶ ಕೊಡಬೇಕು. ಆದೇಶ 60 ದಿನ ನಡೆಯುತ್ತದೆ, ನವೀಕರಿಸುತ್ತ ಹೋದರೂ ಒಟ್ಟು 180 ದಿನ ದಾಟುವಂತಿಲ್ಲ. ಎರಡು ತಿಂಗಳಿಗೊಮ್ಮೆ ಒಂದು ಸಮಿತಿ ಇದನ್ನು ಪರಿಶೀಲಿಸುತ್ತದೆ. ಆ ಸಮಿತಿಯಲ್ಲಿ ಇರುವವರು ಸರ್ಕಾರದ ಕಾರ್ಯದರ್ಶಿಗಳೇ. ಆದೇಶ ಕೊಡುವವರೂ ಸರ್ಕಾರದವರು, ಅದು ಸರಿಯೋ ತಪ್ಪೋ ನೋಡುವವರೂ ಸರ್ಕಾರದವರು. ನಡುವೆ ಒಬ್ಬ ನ್ಯಾಯಾಧೀಶರೂ ಇಲ್ಲ. ನಿಮಗೆ ತಿಳಿಸುವುದಂತೂ ಇಲ್ಲವೇ ಇಲ್ಲ. ಇದು ಸರಿಯಲ್ಲ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮಾಹಿತಿ ಕೇಳುವ ಆದೇಶಕ್ಕೆ ಕಾನೂನಿನ ಆಧಾರ ಇರಬೇಕು, ಸರಿಯಾದ ಉದ್ದೇಶ ಇರಬೇಕು, ಅಗತ್ಯಕ್ಕಿಂತ ಜಾಸ್ತಿ ಕೇಳಬಾರದು ಅಂತ ವಕೀಲರು ಇವತ್ತು ವಾದ ಮಾಡುವುದು ಆ ತೀರ್ಪಿನ ಬಲದ ಮೇಲೆ.

ಪೋಸ್ಟ್ ತೆಗೆಸುವ ಆದೇಶವೇ ಬೇರೆ. ಅದಕ್ಕೆ 69ಎ ಕಲಂ ಇದೆ. "ನನ್ನ ಪೋಸ್ಟ್ ತೆಗೆದರು, ಹಾಗಾದರೆ ನನ್ನ ಮಾಹಿತಿಯೂ ಕೊಟ್ಟಿರಬೇಕು" ಅಂತ ಅಂದುಕೊಳ್ಳಬೇಕಿಲ್ಲ.

ಹಂತ 3: ಕಂಪನಿಯೊಳಗೆ ಏನಾಗುತ್ತದೆ

ದೊಡ್ಡ ಕಂಪನಿಗಳು ಪೊಲೀಸರಿಗಾಗಿಯೇ ಪ್ರತ್ಯೇಕ ಪೋರ್ಟಲ್ ಇಟ್ಟಿವೆ. ಅಧಿಕಾರಿ ಇಲಾಖೆಯ ಇಮೇಲ್‌ನಿಂದ ಬರಬೇಕು. ಯಾವ ಖಾತೆ, ಯಾವ ಅವಧಿ, ಯಾವ ಕಾನೂನು ಅಂತ ಹೇಳಬೇಕು. ಕಂಪನಿಯ ವಕೀಲರ ತಂಡ ಅದನ್ನು ಓದುತ್ತದೆ. ಸರಿ ಇದ್ದರೆ ಕೊಡುತ್ತದೆ. ತೀರಾ ಅಗಲವಾಗಿ ಕೇಳಿದ್ದರೆ ಕಡಿಮೆ ಮಾಡಿ ಅನ್ನುತ್ತದೆ, ಇಲ್ಲವೇ ತಿರಸ್ಕರಿಸುತ್ತದೆ.

ಮೆಸೇಜಿನ ಒಳಗಿನ ವಿಷಯ ಬೇಕು ಅಂದರೆ ದಾರಿ ಉದ್ದ. ಅಮೆರಿಕದ ಕಂಪನಿಗಳಿಗೆ 1986ರ ಅವರ ಕಾನೂನು ಅಡ್ಡ ಬರುತ್ತದೆ. ಬೇರೆ ದೇಶದ ಸರ್ಕಾರ ನೇರವಾಗಿ ಕೇಳಿದರೆ ವಿಷಯ ಕೊಡುವ ಹಾಗಿಲ್ಲ. ಎರಡು ದೇಶಗಳ ನಡುವೆ ಪರಸ್ಪರ ಕಾನೂನು ನೆರವಿನ ಒಪ್ಪಂದ ಇದೆ. 2001ರಲ್ಲಿ ಸಹಿಯಾಗಿ 2005ರಲ್ಲಿ ಜಾರಿಗೆ ಬಂತು. ಅದರಂತೆ ಅರ್ಜಿ ನಮ್ಮ ಕೇಂದ್ರ ಗೃಹ ಸಚಿವಾಲಯದಿಂದ ಅಮೆರಿಕದ ನ್ಯಾಯ ಇಲಾಖೆಗೆ ಹೋಗಿ, ಅಲ್ಲಿನ ಕೋರ್ಟ್ ಒಪ್ಪಬೇಕು. ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಮಾಹಿತಿ ಅಳಿಸಿಹೋಗದಿರಲಿ ಅಂತ 'ಕಾಯ್ದಿಡಿ' ಅನ್ನುವ ಮನವಿ ಕಳಿಸಬಹುದು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಅಂಥ ಮನವಿಗೆ 90 ದಿನ ಮಾಹಿತಿ ಕಾಯ್ದಿಡುತ್ತದೆ.

ಜೀವಕ್ಕೆ ಅಪಾಯ ಇದ್ದರೆ ಮಾತ್ರ ದಾರಿ ಚಿಕ್ಕದಾಗುತ್ತದೆ. ಮಗು ಕಾಣೆಯಾಗಿದೆ, ಯಾರೋ ಆತ್ಮಹತ್ಯೆಯ ಸೂಚನೆ ಕೊಟ್ಟು ಪೋಸ್ಟ್ ಹಾಕಿದ್ದಾರೆ ಅನ್ನುವಾಗ ಪೊಲೀಸರು ತುರ್ತು ಮನವಿ ಕಳಿಸಬಹುದು. ಇದು ನಿಮಗೆ ಗೊತ್ತಿರಲಿ. ಅಂಥ ಹೊತ್ತಿನಲ್ಲಿ ಠಾಣೆಗೆ ಹೋದರೆ "ತುರ್ತು ಮನವಿ ಕಳಿಸಿ" ಅಂತ ಬಾಯಿಬಿಟ್ಟು ಕೇಳಿ.

ಕಂಪನಿಗಳು ಎಷ್ಟು ಸಲ ಮಾಹಿತಿ ಕೊಟ್ಟಿವೆ ಅಂತ ಆರು ತಿಂಗಳಿಗೊಮ್ಮೆ ಪಾರದರ್ಶಕತಾ ವರದಿ ಹೊರಡಿಸುತ್ತವೆ. ಗೂಗಲ್ 2010ರಿಂದ, ಫೇಸ್‌ಬುಕ್ 2013ರಿಂದ ಹೊರಡಿಸುತ್ತಿವೆ. ಭಾರತ ಆರಿಸಿ ನೋಡಿ. ಮನವಿಗಳ ಸಂಖ್ಯೆ ಬೇರೆ, ಖಾತೆಗಳ ಸಂಖ್ಯೆ ಬೇರೆ, ಒಂದು ಮನವಿಯಲ್ಲಿ ಹತ್ತಾರು ಖಾತೆ ಇರಬಹುದು. ಶೇಕಡಾವಾರು ಲೆಕ್ಕದಲ್ಲಿ 'ಸ್ವಲ್ಪವಾದರೂ ಮಾಹಿತಿ ಕೊಟ್ಟದ್ದು' ಎಲ್ಲ ಸೇರುತ್ತದೆ, ಬರೀ ಹೆಸರು ಕೊಟ್ಟಿದ್ದರೂ.

ಹಂತ 4: ದೂರು ಕೊಡುವವರು ನೀವಾದರೆ

ಕೇಸುಗಳು ಹಾಳಾಗುವುದನ್ನು ನಾನು ಜಾಸ್ತಿ ನೋಡಿದ್ದು ಇಲ್ಲೇ. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಇಳಕಲ್ಲಿನಲ್ಲಿ ಇನ್‌ಸ್ಟಾಗ್ರಾಂ ಮೂಲಕ ಸೀರೆ ಮಾರುವ ಒಬ್ಬ ಹೆಣ್ಣುಮಗಳು ಇದ್ದಾರೆ ಅಂದುಕೊಳ್ಳಿ. ಯಾರೋ ಅವರ ಪುಟದ ಹಾಗೇ ಇನ್ನೊಂದು ಪುಟ ಮಾಡಿ ಗಿರಾಕಿಗಳಿಂದ ಮುಂಗಡ ಹಣ ತಿಂದರು. ಅವರು ಸ್ಕ್ರೀನ್‌ಶಾಟ್ ತೆಗೆದರು, ಕೂಡಲೇ ಪುಟವನ್ನು ರಿಪೋರ್ಟ್ ಮಾಡಿದರು. ಪುಟ ಹೋಯಿತು. ಎರಡು ವಾರ ಬಿಟ್ಟು ಠಾಣೆಗೆ ಹೋದರು. ಸ್ಕ್ರೀನ್‌ಶಾಟ್‌ನಲ್ಲಿ ಕಾಣುವುದು ಹೆಸರು ಮಾತ್ರ, ಅಂಥ ಹೆಸರಿನವು ನೂರಾರು ಇರುತ್ತವೆ. ಕಂಪನಿಗೆ ಯಾವ ಖಾತೆ ಅಂತ ಹೇಳುವುದು?

ಆದ್ದರಿಂದ ಮೊದಲು ಆ ಪುಟದ ಪೂರ್ತಿ ಲಿಂಕ್ ಮತ್ತು ಯೂಸರ್‌ನೇಮ್ ಕಾಪಿ ಮಾಡಿ ಇಡಿ. ಒಂದು ಅಕ್ಷರ, ಒಂದು ಚುಕ್ಕೆ ತಪ್ಪಬಾರದು. ಮೆಸೇಜ್ ಬಂದ ದಿನ, ಗಂಟೆ, ನಿಮಿಷ ಬರೆದುಕೊಳ್ಳಿ. ಸ್ಕ್ರೀನ್ ರೆಕಾರ್ಡಿಂಗ್ ಮಾಡಿ. ಹಣ ಹೋಗಿದ್ದರೆ ಯುಟಿಆರ್ ನಂಬರ್ (ಆ ಹಣ ವರ್ಗಾವಣೆಯ ಗುರುತಿನ ಸಂಖ್ಯೆ) ಬೇಕು, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಆ ಕ್ಷಣವೇ ಫೋನ್ ಮಾಡಬೇಕು. ಆಮೇಲೆ ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಹಾಕಿ, ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗಿ. ಪೋಸ್ಟ್ ತೆಗೆಸುವ ರಿಪೋರ್ಟ್ ಮಾಡುವುದು ಲಿಂಕ್ ಉಳಿಸಿಕೊಂಡ ನಂತರ. ಅಶ್ಲೀಲ ಫೋಟೋ ಇದ್ದರೆ ತಡ ಮಾಡಬೇಡಿ, ಲಿಂಕ್ ಕಾಪಿ ಮಾಡಲು ಅರ್ಧ ನಿಮಿಷ ಸಾಕು.

ನಿಪ್ಪಾಣಿಯವರಿಗೆ ಮೋಸ ಮಾಡಿದವನು ಕೊಲ್ಲಾಪುರದಲ್ಲಿ ಕೂತಿರಬಹುದು. "ಇದು ನಮ್ಮ ಗಡಿಗೆ ಬರಲ್ಲ" ಅಂದರೆ ವಾಪಸ್ ಬರಬೇಡಿ. ಹೊಸ ಸಂಹಿತೆಯ 173ನೇ ಕಲಂ ಪ್ರಕಾರ ಕೃತ್ಯ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಇಮೇಲ್‌ನಂಥ ಎಲೆಕ್ಟ್ರಾನಿಕ್ ರೂಪದಲ್ಲಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಐಟಿ ಕಾಯ್ದೆಯ ಅಪರಾಧ ತನಿಖೆ ಮಾಡುವವರು ಇನ್‌ಸ್ಪೆಕ್ಟರ್ ಅಥವಾ ಮೇಲಿನ ದರ್ಜೆಯವರೇ ಆಗಿರಬೇಕು ಅನ್ನುವುದೂ ತಿಳಿದಿರಲಿ.

ತನಿಖಾಧಿಕಾರಿಗೆ ವಿನಯದಿಂದ ಮೂರು ಮಾತು ಕೇಳಿ. ಮಾಹಿತಿ ಕಾಯ್ದಿಡುವ ಮನವಿ ಹೋಯಿತಾ? ಐಪಿ ವಿಳಾಸದ ಜೊತೆ ಪೋರ್ಟ್ ನಂಬರ್ (ಒಂದೇ ಐಪಿ ಹಂಚಿಕೊಂಡವರನ್ನು ಬೇರ್ಪಡಿಸುವ ಸಂಖ್ಯೆ) ಕೇಳಿದ್ದೀರಾ? ಸಮಯ ಭಾರತದ್ದೋ, ಯುಟಿಸಿಯೋ (ಜಗತ್ತಿಗೆಲ್ಲ ಸಾಮಾನ್ಯವಾದ ಸಮಯ)? ಇದು ಕಿರಿಕಿರಿಯ ಪ್ರಶ್ನೆ ಅನಿಸಬಹುದು. ಆದರೆ ಮೊಬೈಲ್ ಇಂಟರ್‌ನೆಟ್‌ನಲ್ಲಿ ಒಂದೇ ಐಪಿಯನ್ನು ಒಂದೇ ಹೊತ್ತಿನಲ್ಲಿ ಎಷ್ಟೋ ಜನ ಹಂಚಿಕೊಂಡಿರುತ್ತಾರೆ. ಕಂಪನಿಯ ದಾಖಲೆ ಯುಟಿಸಿಯಲ್ಲಿದ್ದರೆ ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಇದರಲ್ಲಿ ತಪ್ಪಿದರೆ ಪೊಲೀಸರು ಹೋಗುವುದು ಬೇರೆಯವರ ಮನೆಗೆ. 2007ರಲ್ಲಿ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನು ಆರ್ಕುಟ್ ಎಂಬ ಆಗಿನ ಜಾಲತಾಣದಲ್ಲಿ ಶಿವಾಜಿಯನ್ನು ಅವಮಾನಿಸಿದ ಆರೋಪದ ಮೇಲೆ ಪುಣೆ ಪೊಲೀಸರು ಬಂಧಿಸಿದರು. ಇಂಟರ್‌ನೆಟ್ ಕಂಪನಿ ಕೊಟ್ಟ ಐಪಿ ವಿವರವೇ ತಪ್ಪಾಗಿತ್ತು. ಏನೂ ಮಾಡದ ಆ ಮನುಷ್ಯ ಸುಮಾರು 50 ದಿನ ಜೈಲಿನಲ್ಲಿದ್ದ.

ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ನಿಮಗೆ ತಿಳಿಸಬೇಕಾದದ್ದು ಪೊಲೀಸರ ಕರ್ತವ್ಯ. ಅದು ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಂನಲ್ಲಿದೆ. ಸುಮ್ನೆ ಕಾಯುತ್ತ ಕೂರಬೇಡಿ, ಲಿಖಿತವಾಗಿ ಕೇಳಿ.

ಹಂತ 5: ಕೇಳಿದ್ದು ನಿಮ್ಮ ಮಾಹಿತಿಯನ್ನೇ ಆದರೆ

ಕಾನೂನು ತಡೆಯದಿದ್ದರೆ, ಮಾಹಿತಿ ಕೊಡುವ ಮೊದಲು ಬಳಕೆದಾರರಿಗೆ ಇಮೇಲ್ ಮಾಡುವುದು ಗೂಗಲ್‌ನ ನೀತಿ. ಮೆಟಾ ನೀತಿಯೂ ಹೆಚ್ಚುಕಡಿಮೆ ಹೀಗೇ ಇದೆ. ಅಂಥ ಮೇಲ್ ಬಂದರೆ ಒಳಗಿನ ಲಿಂಕ್ ಒತ್ತಬೇಡಿ, ಪಾಸ್‌ವರ್ಡ್ ಕೇಳಿದರೆ ಅದು ಖಂಡಿತ ಮೋಸ. ಮೇಲ್ ಪ್ರಿಂಟ್ ತೆಗೆದುಕೊಂಡು ವಕೀಲರ ಹತ್ತಿರ ಹೋಗಿ.

ಗಾಬರಿಯಲ್ಲಿ ಚಾಟ್, ಖಾತೆ ಅಳಿಸುವ ಕೆಲಸ ಮಾತ್ರ ಮಾಡಬೇಡಿ. ಸಾಕ್ಷ್ಯವಾಗಿ ಹಾಜರಾಗುವುದನ್ನು ತಪ್ಪಿಸಲು ಎಲೆಕ್ಟ್ರಾನಿಕ್ ದಾಖಲೆ ನಾಶ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 241ನೇ ಕಲಂ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಜೈಲು ಆಗಬಹುದು. ಅಳಿಸಿದರೂ ಪ್ರಯೋಜನ ಕಡಿಮೆ. ಖಾತೆ ಮುಚ್ಚಿದ ನಂತರವೂ 180 ದಿನ ನೋಂದಣಿ ಮಾಹಿತಿ ಇಟ್ಟುಕೊಳ್ಳಬೇಕು ಅಂತ 2021ರ ನಿಯಮಗಳೇ ಹೇಳುತ್ತವೆ. ಬೇಡದ್ದನ್ನು ಸ್ವಚ್ಛ ಮಾಡುವ ಕೆಲಸ ಏನಿದ್ದರೂ ಯಾವ ಕೇಸೂ ಇಲ್ಲದ ಸಾಮಾನ್ಯ ದಿನಗಳಲ್ಲಿ ಮಾಡುವಂಥದ್ದು. ಗೂಗಲ್‌ನಲ್ಲಿ 3, 18 ಅಥವಾ 36 ತಿಂಗಳಿಗೆ ಹಳೆಯ ಚಟುವಟಿಕೆ ತಾನಾಗಿ ಅಳಿಯುವ ಆಯ್ಕೆ ಇದೆ, ಇವತ್ತೇ 3 ತಿಂಗಳು ಅಂತ ಇಡಿ.

ವಿಚಾರಣೆಗೆ ಬನ್ನಿ ಅಂತ ಸಾಕ್ಷಿಯಾಗಿ ಕರೆದರೆ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ನೆನಪಿರಲಿ. ಮಹಿಳೆಯರು, 15 ವರ್ಷದೊಳಗಿನ ಮತ್ತು 60 ದಾಟಿದ ಗಂಡಸರು, ಅಂಗವಿಕಲರು, ತೀವ್ರ ಕಾಯಿಲೆ ಇರುವವರನ್ನು ಅವರ ಮನೆಯಲ್ಲೇ ವಿಚಾರಿಸಬೇಕು. ಫೋನ್ ವಶಪಡಿಸಿಕೊಂಡರೆ ಪಟ್ಟಿ ಮಾಡಿ ಸಾಕ್ಷಿಗಳ ಸಹಿ ಹಾಕಿಸಬೇಕು, ಅದರ ವಿಡಿಯೋ ಆಗಬೇಕು ಅನ್ನುತ್ತದೆ ಅದೇ ಸಂಹಿತೆಯ 105ನೇ ಕಲಂ. ಐಎಂಇಐ ನಂಬರ್ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಆ ಪಟ್ಟಿಯಲ್ಲಿ ಬಂದಿದೆಯಾ ನೋಡಿಕೊಳ್ಳಿ.

ಹಂತ 6: ಸರ್ಕಾರದ ಹೆಸರಿನ ಮೋಸ ಗುರುತಿಸಿ

"ನಿಮ್ಮ ಆಧಾರ್ ಒಂದು ಕೇಸಿನಲ್ಲಿ ಸಿಕ್ಕಿದೆ, ವಿಡಿಯೋ ಕಾಲ್ ಕಟ್ ಮಾಡಬೇಡಿ" ಅನ್ನುವ ಫೋನ್ ಬಂದರೆ ಕೂಡಲೇ ಕಟ್ ಮಾಡಿ. ಹೀಗೆ ವಿಡಿಯೋ ಕಾಲ್‌ನಲ್ಲೇ ಹಿಡಿದಿಡುವ 'ಡಿಜಿಟಲ್ ಅರೆಸ್ಟ್' ಅನ್ನುವುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಈ ಮೋಸದಿಂದ ಬೆಳಗಾವಿ ಜಿಲ್ಲೆಯಲ್ಲಿ ಹಿರಿಯ ಜೀವಗಳೇ ಹೋಗಿವೆ. ಆರೋಪಿ ಹಾಜರಾಗಬೇಕು ಅನ್ನುವ, ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಂ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ನಿಜವಾದ ಅಧಿಕಾರಿಗೆ ನಿಮ್ಮ ಒಟಿಪಿಯೂ ಬೇಡ, ಹಣವೂ ಬೇಡ. ಅನುಮಾನ ಬಂದರೆ ಹೆಸರು, ಠಾಣೆ, ಅಪರಾಧ ಸಂಖ್ಯೆ ಕೇಳಿಕೊಂಡು, ನೀವೇ ಆ ಠಾಣೆಯ ನಂಬರ್ ಹುಡುಕಿ ಫೋನ್ ಮಾಡಿ. ಮನೆಯ ಹಿರಿಯರಿಗೆ ಈ ಒಂದು ಹಂತವನ್ನಾದರೂ ಓದಿ ಹೇಳಿ, ದಯವಿಟ್ಟು.

ಹಂತ 7: ಪ್ರಶ್ನಿಸಬೇಕೆಂದರೆ ಎಲ್ಲಿಗೆ ಹೋಗಬೇಕು

ಆದೇಶವೇ ಅಕ್ರಮ ಅನಿಸಿದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಹಾಕಬಹುದು. ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ. ವಿಜಯಪುರದವರು ಕಲಬುರಗಿ ಪೀಠಕ್ಕೆ ಹೋಗಬೇಕು, ಧಾರವಾಡಕ್ಕೆ ಅಲ್ಲ. ಯಾರಿಗೆ ಮಾಹಿತಿ ಕೊಟ್ಟಿರಿ ಅಂತ ಕಂಪನಿಯನ್ನೇ ಕೇಳುವ ಹಕ್ಕು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ 11ನೇ ಕಲಂನಲ್ಲಿದೆ, ಆ ಕಲಂ ಜಾರಿಗೆ ಬಂದಿದೆಯಾ ಅಂತ ಮೊದಲು ನೋಡಿಕೊಳ್ಳಿ. ಆದರೆ ಅಪರಾಧ ತನಿಖೆಗಾಗಿ ಲಿಖಿತವಾಗಿ ಕೇಳಿ ಪಡೆದ ಮಾಹಿತಿಗೆ ಅದೇ ಕಲಂ ವಿನಾಯಿತಿ ಕೊಟ್ಟಿದೆ. ಅದನ್ನು ಜಾಸ್ತಿ ನೆಚ್ಚಿಕೊಳ್ಳುವಂತಿಲ್ಲ.

ವಕೀಲರ ಖರ್ಚು ಭರಿಸಲಾಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರಿಗೆ ಆದಾಯದ ಮಿತಿ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಉಳಿದವರಿಗೆ ಆದಾಯದ ಮಿತಿ ಇದೆ. ಸಹಾಯವಾಣಿ 15100. ಹೋಗುವಾಗ ನೋಟಿಸ್ ಅಥವಾ ಇಮೇಲ್ ಪ್ರತಿ, ಆಧಾರ್, ದೂರಿನ ಸ್ವೀಕೃತಿ ಸಂಖ್ಯೆ ಜೊತೆಗಿರಲಿ.